ಸಹಾಯ ಬೇಕು: ಹೆಸರು ರಾಜ್ಯಪಾಲರದು, ಅಧಿಕಾರ ಯಾರದು?

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಕಾರ್ಯಾಂಗದ ಪಾಠದಲ್ಲಿ ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ನಿನ್ನೆ ಒಂದು ಸರ್ಕಾರಿ ಆದೇಶದ ಜೆರಾಕ್ಸ್ ನೋಡಿದೆ. ಕೊನೆಗೆ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಇತ್ತು, ಕೆಳಗೆ ಸಹಿ ಮಾತ್ರ ಒಬ್ಬ ಅಧೀನ ಕಾರ್ಯದರ್ಶಿಯದು. ಸಂವಿಧಾನದ 166ನೇ ವಿಧಿ ಪ್ರಕಾರ ಅದು ಸರಿ. ತೀರ್ಮಾನ ಮಾಡುವವರು ಮುಖ್ಯಮಂತ್ರಿ ಮತ್ತು ಮಂತ್ರಿಗಳು, ಅವರು ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ, ಅದೂ ಎಲ್ಲರೂ ಒಟ್ಟಾಗಿ. ಇಲ್ಲಿವರೆಗೆ ಅರ್ಥವಾಯಿತು. ಆದರೆ 164ನೇ ವಿಧಿಯಲ್ಲಿ, ರಾಜ್ಯಪಾಲರ ಇಚ್ಛೆ ಇರುವವರೆಗೆ ಮಾತ್ರ ಮಂತ್ರಿಗಳು ಇರುತ್ತಾರೆ ಅಂತಲೂ ಇದೆ ಅಲ್ವಾ? ಹಾಗಾದರೆ ಬಹುಮತ ಇರುವ ಸರ್ಕಾರದ ಒಬ್ಬ ಮಂತ್ರಿಯನ್ನು ಮುಖ್ಯಮಂತ್ರಿ ಹೇಳದೆಯೇ ರಾಜ್ಯಪಾಲರು ತೆಗೆಯಬಹುದಾ?

ಆಗ ಮುಖ್ಯಮಂತ್ರಿಯಾಗಿದ್ದ, ನಮ್ಮ ಕಡೆಯವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ 1989ರಲ್ಲಿ ವಜಾ ಆಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ಗೊತ್ತಾಗಬೇಕು ಅಂದಿತು. ಅದನ್ನು ಓದುವಾಗ ಮೈ ಜುಮ್ ಅಂದಿತು. ಆದರೆ ಅದು 356ನೇ ವಿಧಿಯ, ಅಂದರೆ ರಾಷ್ಟ್ರಪತಿ ಆಳ್ವಿಕೆಯ, ಇಡೀ ಸರ್ಕಾರದ ಮಾತು. ಒಬ್ಬ ಮಂತ್ರಿಯದ್ದಕ್ಕೂ ಅದನ್ನೇ ಹಚ್ಚಿ ಬರೆದರೆ ತಪ್ಪಾಗುತ್ತಾ?

ರಾಜ್ಯಶಾಸ್ತ್ರ ಕಲಿಸುವ ಸರ್, ಮೇಡಂ ಯಾರಾದರೂ ಇದ್ದರೆ ಭಾನುವಾರ ಅರ್ಧ ತಾಸು ಸಮಯ ಕೊಡಿ, ಹುಬ್ಬಳ್ಳಿಯಾದರೂ ಸರಿ, ನಾನೇ ಬರುತ್ತೇನೆ. ಕನ್ನಡದಲ್ಲಿ ನೋಟ್ಸ್ ಇದ್ದವರು ಫೋಟೋ ಹಾಕಿ, ರೂಮಿನಲ್ಲಿ ಇನ್ನೂ ಮೂವರಿಗೆ ಇದೇ ಗೊಂದಲ ಇದೆ.