ಪದ ಬೇಕು: ಕ್ಲೌಡ್ ಬ್ರೋಕರ್ (ಸೋಮವಾರದೊಳಗೆ)

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಒಂದು ಸಹಕಾರಿ ಸಂಘದ ತರಬೇತಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ; ಅದನ್ನು ಕೊಡುವವರಿಗೂ ಬಳಸುವವರಿಗೂ ನಡುವೆ ನಿಲ್ಲುವುದು ಕ್ಲೌಡ್ ಬ್ರೋಕರ್. ಮಲಯಾಳ ಪ್ರತಿಯಲ್ಲಿ 'ಇಡನಿಲಕ್ಕಾರನ್' ಎಂದಿದೆ. ನಾನು 'ಕ್ಲೌಡ್ ದಲ್ಲಾಳಿ' ಎಂದು ಬರೆದೆ. ಕಾರ್ಯದರ್ಶಿಯವರು "ಇದೇನು ಅಡಿಕೆ ಮಂಡಿಯಾ?" ಎಂದು ಗೀಟು ಹಾಕಿದರು.

ಅಮೆರಿಕದ ಸರಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಈ ಬ್ರೋಕರಿಗೆ ಮೂರು ಕೆಲಸ ಹೇಳಿದೆ. ಇರುವ ಸೇವೆಗೆ ಏನಾದರೂ ಸೇರಿಸಿ ಕೊಡುವುದು, ಹಲವು ಸೇವೆಗಳನ್ನು ಒಟ್ಟು ಮಾಡಿ ಕೊಡುವುದು, ಆಯಾ ಹೊತ್ತಿಗೆ ಒಳ್ಳೆಯದನ್ನು ಆರಿಸಿ ಬದಲಾಯಿಸುತ್ತಾ ಇರುವುದು. ಮುಂದೆ ಈ ಆರಿಸುವ ಕೆಲಸವನ್ನು ಜಾಸ್ತಿ ಸಾಫ್ಟ್‌ವೇರೇ ಮಾಡಬಹುದು ಎನ್ನುತ್ತದೆ ಕೊನೆಯ ಪಾಠ. ಹಾಗಾಗಿ 'ಅವನು'ಗೂ 'ಅದು'ಗೂ ಒಗ್ಗುವ ಪದ ಬೇಕು.
– ಬದಿಯಡ್ಕದಿಂದ

ದಲ್ಲಾಳಿ ಅರಬಿ. ಮಧ್ಯವರ್ತಿ ಸಂಸ್ಕೃತ. ಎರಡೂ ಬೇಡ. ತಮಿಳಿನಲ್ಲಿ ತರಗರ್, ಮಲಯಾಳದಲ್ಲಿ ತರಗನ್ ಇದೆ. 'ಮುಗಿಲ್ತರಗ' ಎನ್ನಿ. ಮುಗಿಯಿತು.
– ಕುಂಬಳೆಯಿಂದ

ಮಾಷ್ಟ್ರೇ, ತಮಿಳಿನಿಂದ ತಂದರೆ ಅದು ಕಡ ಅಲ್ವಾ? ಮುಗಿಲ್ತರಗ ಎಂದರೆ ನಮ್ಮ ಕಡೆಯವರಿಗೆ ಹಟ್ಟಿಗೆ ಹಾಕುವ ತರಗೆಲೆ ನೆನಪಾಗುತ್ತದೆ.

ಅರಬಿಯ 'ದಲ್ಲ' ಎಂದರೆ ದಾರಿ ತೋರಿಸು. ಬ್ರೋಕರಿನ ಮುಂದಿನ ಕೆಲಸ ಅದೇ ತಾನೇ? ನಮ್ಮ ಮನೆಗೆ ಬರುತ್ತಿದ್ದ ದಲ್ಲಾಳಿ ಗೋಣಿಗೆ ಕೈಹಾಕಿ ನಾಲ್ಕು ಅಡಿಕೆ ತೆಗೆಯುತ್ತಿದ್ದ. ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡಿ, ಪಟೋರ ಬೇರೆ, ಕೋಕ ಬೇರೆ ಎಂದು ದರ್ಜೆ ಮಾಡುತ್ತಿದ್ದ. ಆಮೇಲೆ ಹತ್ತು ಮನೆಯ ಮಾಲು ಒಟ್ಟು ಮಾಡಿ, ಯಾವ ಅಂಗಡಿಯಲ್ಲಿ ರೇಟು ಜಾಸ್ತಿಯೋ ಅಲ್ಲಿಗೆ ಸಾಗಿಸುತ್ತಿದ್ದ. ಎನ್‌ಐಎಸ್‌ಟಿಯ ಮೂರೂ ಕೆಲಸ ಇದರಲ್ಲೇ ಬಂತು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬಂದಾಗ ಇನ್ನು ದಲ್ಲಾಳಿಯ ಕತೆ ಮುಗಿಯಿತು ಎಂದಿದ್ದರಂತೆ ನಮ್ಮ ಅಜ್ಜ. ಎಲ್ಲಿ ಮುಗಿಯಿತು?

'ದಲ್ಲಾಳಿ ಬಂದ', 'ದಲ್ಲಾಳಿ ಬಂತು' – ಎರಡೂ ಕಿವಿಗೆ ಕುಟುಕುವುದಿಲ್ಲ. ತರಗ ಬಂತು? ಹೇಳಿ ನೋಡಿ.
– ಪೈವಳಿಕೆಯಿಂದ

ಅರಬಿ ಪಾಠ ಬೇಡ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿ ಬೋರ್ಡಿನಲ್ಲಿ ಕನ್ನಡ ಉಳಿಸಲು ಒದ್ದಾಡುತ್ತಿದ್ದೇವೆ. ನೀವು ಹಿತ್ತಿಲ ಬಾಗಿಲು ತೆರೆದಿಟ್ಟು ಕೂತಿದ್ದೀರಿ.
– ಕುಂಬಳೆಯಿಂದ

ಬೋರ್ಡಿಗೆ ಏನು ಪದ ಮಾಷ್ಟ್ರೇ? ಹಲಗೆಯಾ?
– ಪೈವಳಿಕೆಯಿಂದ

ಇಬ್ಬರಿಗೂ ಉಪಕಾರ. ಅಡಿಕೆ ಕತೆ ಹೇಳಿದ ಮೇಲೆ ಕಾರ್ಯದರ್ಶಿಯವರು ದಲ್ಲಾಳಿಗೆ ಒಪ್ಪಿದರು. ಈಗ ಮೂರನೆಯ ಕೆಲಸಕ್ಕೆ, ಅಂದರೆ ಆರ್ಬಿಟ್ರೇಜ್‌ಗೆ, ಒಂದೇ ಪದ ಬೇಕು. ಹಲಗೆ ಜಗಳ ಸ್ವಲ್ಪ ಬದಿಗಿಡುತ್ತೀರಾ?
– ಬದಿಯಡ್ಕದಿಂದ