ಅಪ್‌ಡೇಟ್: ಕೊಡಗಲ್ಲಿ ಲಿಬ್ರೆಆಫೀಸ್ ಕನ್ನಡ ವಿಕಿ ಶುರುವಾಯ್ತು
ಲಿಬ್ರೆಆಫೀಸ್ (ಪತ್ರ, ಲೆಕ್ಕದ ಶೀಟು ಮಾಡೋ ಉಚಿತ ಸಾಫ್ಟ್‌ವೇರ್) ಬಳಸೋದು ಹೇಗೆ ಅಂತ ಕನ್ನಡದಲ್ಲಿ ವಿಕಿ, ಅಂದ್ರೆ ಎಲ್ಲರೂ ಸೇರಿ ಬರೆದು ತಿದ್ದೋ ವೆಬ್‌ಸೈಟ್, ಕಟ್ಟೋಕೆ ಸ್ವಯಂಸೇವಕರನ್ನ ಸೇರಿಸೋದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. "ಕಾಫಿ ಕೊಯ್ಲು ಮುಗೀಲಿ" ಅಂದವರಿಗೆ ಮೊದಲ ಥ್ಯಾಂಕ್ಸ್. ಕೊಯ್ಲು ಮುಗಿದು, ಕಾಫಿ ಹೂವು ಅರಳಿಸೋ ಹೂಮಳೆ ಬಿದ್ದ ಮೇಲೆ ಕರೆದೆ; ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಿಂದ ಬಂದ್ರು.

ವಿಕಿ ನಡೆಸೋ ಸಾಫ್ಟ್‌ವೇರ್‌ಗಳಲ್ಲಿ ಮೀಡಿಯಾವಿಕಿ (ವಿಕಿಪೀಡಿಯ ಬಳಸೋದು) ಬಿಟ್ಟು ಡೋಕುವಿಕಿ ಹಾಕಿದ್ವಿ. ಅದಕ್ಕೆ ಡೇಟಾಬೇಸ್ ಬೇಡ, ಪುಟಗಳೆಲ್ಲ ಬರೀ ಟೆಕ್ಸ್ಟ್ ಫೈಲ್. ಫೋಲ್ಡರನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ರೆ ಬ್ಯಾಕಪ್ ಆಯ್ತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋಗೋ ಊರಿಗೆ ಇದೇ ಸರಿ.

ನಿಜವಾದ ತಲೆನೋವು ಬೇರೆ. ಟೀಚರೊಬ್ಬರು ಕೊಟ್ಟ ಒಳ್ಳೇ ಟಿಪ್ಪಣಿಗಳೆಲ್ಲ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿದ್ವು. ವಿಕಿಗೆ ಹಾಕಿದ್ರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ! ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಓದೋ ಅಕ್ಷರ ಸಂಕೇತ) ಬದಲಿಸಿದ ಮೇಲೂ ಒತ್ತಕ್ಷರಗಳನ್ನ ಕೂತು ತಿದ್ದಬೇಕಾಯ್ತು. ಕಾಲೇಜು ಹುಡುಗರು ಬೇಗ ಬೇಜಾರಾದ್ರು (ಅವರ ತಪ್ಪೇನಲ್ಲ, ಪರೀಕ್ಷೆ ಇತ್ತು). ನಿವೃತ್ತ ಮೇಷ್ಟ್ರುಗಳು ಕೆಂಪು ಇಂಕು ಹಿಡಿದಷ್ಟೇ ಖುಷಿಯಿಂದ ಮಾಡಿದ್ರು.

"ಏನಾದ್ರೂ ಬರೀರಿ" ಅಂದ್ರೆ ಯಾರೂ ಬರೆಯಲ್ಲ. "ಮೇಲ್ ಮರ್ಜ್‌ನಲ್ಲಿ ವಿಳಾಸ ಹಾಕೋದು ಹೇಗೆ" (ಒಂದೇ ಪತ್ರವನ್ನ ಹಲವು ವಿಳಾಸಕ್ಕೆ ತಯಾರಿಸೋದು) ಅಂತ ಹೆಸರಿಟ್ಟು ಖಾಲಿ ಪುಟವನ್ನ ಒಬ್ಬರ ಕೈಗೆ ಕೊಟ್ರೆ ಬರೀತಾರೆ. ವಿಕಿಯ ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 (ಬರೆದವರ ಹೆಸರು ಹೇಳಿ, ಇದೇ ಲೈಸೆನ್ಸ್‌ನಲ್ಲಿ ಯಾರು ಬೇಕಾದ್ರೂ ಹಂಚಬಹುದು), ಯಾರದೂ ತಕರಾರಿಲ್ಲ. ಮುಂದೆ ಲಿಬ್ರೆಆಫೀಸ್‌ನ ಲೆಕ್ಕದ ಶೀಟು ಕ್ಯಾಲ್ಕ್, ತೋಟದ ಕೂಲಿ ಲೆಕ್ಕದ ಶೀಟಿಂದ ಶುರು.