ಪದಚರ್ಚೆ: ಟುಟು ಎಂದರೆ ನೆರಿಗೆ ಲಂಗವೇ?

ಪ್ರಶ್ನೆ

ನಮಸ್ಕಾರ. ಶಿವಮೊಗ್ಗದ ಒಂದು ಪುರವಣಿಗೆ ಬಂದ ಬರಹದ ಕರಡಿನಲ್ಲಿ ಈ ವಾಕ್ಯವಿದೆ: “ಟೂಟೂ ಎಂಬ ನೆರಿಗೆ ಲಂಗದ ವೇಷ ಧರಿಸಿ ದಿನನಿತ್ಯ ಓಡಾಡುವುದು ಸ್ವಾಭಿವ್ಯಕ್ತಿಯ ಹೊಸ ಬಗೆ.” ಬರೆಯುವುದು ಟೂಟೂ ಎಂದೋ, ಟುಟು ಎಂದೋ? ನೆರಿಗೆ ಲಂಗ ಎಂದರೆ ಸಾಕೋ, ಅಥವಾ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕ್ಯಾನ್‌ಕ್ಯಾನ್ ಅನ್ನುತ್ತಾರಲ್ಲ, ಅದೇ ಇದೋ? ‘ವೇಷ’ ಯಾಕೋ ಚುಚ್ಚುತ್ತಿದೆ. ಬಲ್ಲವರು ತಿಳಿಸಬೇಕು.

ಉತ್ತರ 1

ಮೊದಲು ಕಾಗುಣಿತ. ಟುಟು ಎಂದರೆ ಬ್ಯಾಲೆ ಎಂಬ ಪಾಶ್ಚಾತ್ಯ ನೃತ್ಯದಲ್ಲಿ ಉಡುವ, ಉಬ್ಬಿ ನಿಲ್ಲುವ ಲಂಗ. ಇದು ಫ್ರೆಂಚ್ ಪದ. ಅಲ್ಲಿನ ಉಚ್ಚಾರದಲ್ಲಿರುವುದು ಹಲ್ಲಿಗೆ ತಾಗುವ ತಕಾರ, ನಮ್ಮದರ ಹಾಗೆಯೇ. ಹಾಗಂತ ಮೂಲಕ್ಕೆ ನಿಷ್ಠರಾಗಿ ‘ತೂತು’ ಎಂದು ಬರೆದರೆ ಓದುವವರು ಎಲ್ಲಿ ಹರಿದಿದೆ ಎಂದು ಹುಡುಕುತ್ತಾರೆ. (ಬಟ್ಟೆಯೆಲ್ಲ ತೂತೇ ಎನ್ನುವುದು ಬೇರೆ ಮಾತು.) ಇಂಗ್ಲಿಷ್ ದಾರಿಯಲ್ಲಿ ಬಂದ ಟಕಾರವೇ ಇರಲಿ, ದೀರ್ಘ ಬೇಡ. 1984ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಡೆಸ್ಮಂಡ್ ಟುಟು ಅವರ ಹೆಸರಿನಿಂದಾಗಿ ‘ಟುಟು’ ಎಂಬ ಬರಹರೂಪ ನಮ್ಮ ಕಣ್ಣಿಗೆ ಹೊಸದಲ್ಲ. ವಿಭಕ್ತಿ ‘ಗುರು’ವಿನ ಹಾಗೆ: ಟುಟುವನ್ನು, ಟುಟುವಿನ, ಟುಟುಗಳು.

ಟ್ಯೂಲ್ ಎಂಬ ಬಟ್ಟೆಯ ಹೆಸರಿನಿಂದ ಟುಟು ಬಂತು ಎಂದು ಹೇಳುವವರಿದ್ದಾರೆ. ನಿಘಂಟುಗಳು ಸಾಮಾನ್ಯವಾಗಿ ಒಪ್ಪುವುದು ಬೇರೆ: ಫ್ರೆಂಚಿನಲ್ಲಿ ‘ಕ್ಯು’ ಎಂದರೆ ಅಂಡು, ಅದರ ಮುದ್ದಿನ ರೂಪ ‘ಕ್ಯುಕ್ಯು’, ಮಕ್ಕಳ ಬಾಯಲ್ಲಿ ಅದು ಟುಟು ಆಯಿತು. ನಮ್ಮ ಕಡೆಯ ‘ಕುಂಡೆ’ಗೆ ಇಂಥ ಭಾಗ್ಯ ಬರಲಿಲ್ಲ. ಉಡುಪಿಗೆ ಮಾತ್ರ ಹೆಸರಿಗಿಂತ ಹೆಚ್ಚು ವಯಸ್ಸು. 1832ರಲ್ಲಿ ಪ್ಯಾರಿಸ್ಸಿನಲ್ಲಿ ನರ್ತಕಿ ಮರೀ ತಾಲ್ಯೋನಿ ‘ಲಾ ಸಿಲ್ಫೀಡ್’ ಬ್ಯಾಲೆಯಲ್ಲಿ ತೊಟ್ಟದ್ದು ಗಂಟೆಯಾಕಾರದ, ಮೀನಖಂಡದ ತನಕ ಇಳಿಯುವ ಬಿಳಿ ಲಂಗ. ಕಾಲಿನ ಕೆಲಸ ಕಾಣಲೆಂದು ಮುಂದೆ ಅದು ಗಿಡ್ಡವಾಗುತ್ತ, ಸೊಂಟದ ಸುತ್ತ ತಟ್ಟೆ ಇಟ್ಟ ಹಾಗೆ ಅಡ್ಡ ನಿಲ್ಲುವ ರೂಪಕ್ಕೆ ಬಂತು. ತಟ್ಟೆ ಟುಟುವಿನಲ್ಲಿ ಕುರ್ಚಿ ಮೇಲೆ ಕೂರುವುದೇ ಕಷ್ಟ, ಆಟೋ ಬಸ್ಸಿನ ಮಾತು ದೂರ. ದಿನಬಳಕೆಗೆ ಉಡುವುದು ಹಳೆಯ ಗಂಟೆ ಟುಟುವಿನ ವಂಶದ್ದು, ಮೊಣಕಾಲಿನ ಆಚೀಚೆ ನಿಲ್ಲುವಂಥದ್ದು.

ಈಗ ನೆರಿಗೆ. ಸೀರೆಯ ನೆರಿಗೆ ಆಗಲಿ, ಭರತನಾಟ್ಯದ ಉಡುಪಿನಲ್ಲಿ ಮುಂದೆ ಬಿಚ್ಚಿಕೊಳ್ಳುವ ಫ್ಯಾನ್ ಆಗಲಿ, ಬಟ್ಟೆಯನ್ನು ಅಳತೆ ಹಿಡಿದು ಮಡಿಸಿದ್ದು. ಮಡಿಕೆಗೆ ಅಂಚಿದೆ, ಲೆಕ್ಕವಿದೆ, ಅದು ಕೆಳಗೆ ಬೀಳುತ್ತದೆ. ದಿನಬಳಕೆಯ ಟುಟುವಿನಲ್ಲಿ ಸಾಮಾನ್ಯವಾಗಿ ಇಂಥ ಮಡಿಕೆ ಇರುವುದಿಲ್ಲ. ಉದ್ದದ ನೆಟ್ ಪಟ್ಟಿಯನ್ನು ದಾರ ಎಳೆದು ಸುರುಟಿಸಿ, ಬಟ್ಟೆ ಹೊರಕ್ಕೆ ಎದ್ದು ನಿಲ್ಲುವ ಹಾಗೆ ಮಾಡುತ್ತಾರೆ. ಹೊಲಿಯುವವರು ಇದಕ್ಕೆ ಗ್ಯಾದರ್ ಅಂತಲೇ ಅನ್ನುವುದು, ಪ್ಲೀಟ್ ಬೇರೆ. ‘ನೆರಿಗೆ ಲಂಗ’ ಎಂದು ಆರ್ಡರ್ ಕೊಟ್ಟರೆ ಶಾಲೆಯ ಯೂನಿಫಾರ್ಮ್ ಲಂಗ ಹೊಲಿದುಕೊಟ್ಟಾರು. ‘ಕೊಡೆ ಲಂಗ’ ಅಂದರೂ ಎಡವಟ್ಟೇ: ಅಂಬ್ರೆಲ್ಲಾ ಕಟ್ಟಿಂಗ್ ಎಂದರೆ ದುಂಡಗೆ ಕತ್ತರಿಸಿದ್ದು, ಅದರಲ್ಲಿ ಗ್ಯಾದರ್ ಇರುವುದಿಲ್ಲ.

ಕ್ಯಾನ್‌ಕ್ಯಾನ್ ಹತ್ತಿರದ ನೆಂಟ. ಹೆಸರು ಫ್ರೆಂಚ್ ಕುಣಿತದ್ದು, ನಮ್ಮಲ್ಲಿ ಲೆಹೆಂಗಾ ಉಬ್ಬಿ ನಿಲ್ಲಲು ಒಳಗೆ ಕೊಡುವ ಗಡುಸು ನೆಟ್ಟಿಗೆ ಅಂಟಿಕೊಂಡಿದೆ. ಒಳಗೆ ಅಡಗಿದ್ದರೆ ಕ್ಯಾನ್‌ಕ್ಯಾನ್, ಅದೇ ಕೆಲಸ ಹೊರಗೆ ಕಾಣುವಂತೆ ಮಾಡಿದರೆ ಟುಟು. ಸಾಲುಗಳ ನಡುವೆ ಒಮ್ಮೆ ವಿವರಣೆ ಬೇಕೆಂದರೆ ‘ಪದರ ಪದರದ ನೆಟ್ ಲಂಗ’ ಸಾಕು. ‘ಬಲೆ ಲಂಗ’ ಅಂದರೆ ತುಂಗೆಯ ಮೀನು ನೆನಪಾಗುತ್ತದೆ.

‘ವೇಷ’ ಖಂಡಿತ ಬೇಡ. ಯಕ್ಷಗಾನದ ಸೀಮೆಯಲ್ಲಿ ವೇಷ ಎಂದರೆ ಪಾತ್ರ, ಬೆಳಗಾದರೆ ಕಳಚಿಡುವಂಥದ್ದು. ಬೀದಿಯಲ್ಲಿ ‘ಇದೆಂಥ ವೇಷ ಮಾರಾಯ್ತಿ’ ಅಂದರೆ ಹಂಗಿಸಿದಂತೆ, ‘ವೇಷಧಾರಿ’ ಅಂದರೆ ಕಪಟಿ. ಇಷ್ಟಪಟ್ಟು ದಿನವೂ ಉಡುವವರು ಹೇಳುವುದು ಅದರ ತಿರುಗುಮುರುಗು: ಇದು ಪಾತ್ರವಲ್ಲ, ನಾನೇ. ‘ಶೋಕಿ’ಯಲ್ಲೂ ಮೂದಲಿಕೆ ಇದೆ. ‘ಸ್ವಾಭಿವ್ಯಕ್ತಿ’ಗೆ ಬದಲು ‘ತನ್ನಿಷ್ಟದ ಉಡುಗೆ’ ಎಂದರೆ ಸಲೀಸು. ಕ್ರಿಯಾಪದ ‘ಉಡು’ ಆಗಲಿ: ಸೊಂಟದಿಂದ ಕೆಳಗಿನದಕ್ಕೆ ಉಡು, ಮೈಗೆ ಏರಿಸುವುದಕ್ಕೆ ತೊಡು. ಹೌದು, ತಾಲ್ಯೋನಿಗೆ ನಾನೇ ‘ತೊಟ್ಟದ್ದು’ ಎಂದಿದ್ದೇನೆ. ಅದು ರವಿಕೆ ಸಮೇತದ ಉಡುಪು ಎಂದು ಮಾಫಿ ಕೊಡಿ. ಇನ್ನೊಂದು: ಲಂಗ ಎಂದ ಕೂಡಲೆ ಹುಡುಗಿ ಎಂದಾಗುತ್ತದೆ. ಟುಟು ಉಡುವ ಗಂಡಸರೂ ಇರುವುದರಿಂದ ಟುಟು ಎಂದೇ ಬಿಡುವುದು ಲೇಸು.

ಉತ್ತರ 2

ಮೇಲಿನವರು ‘ನೆಟ್’ ಒಂದೇ ಎಂಬಂತೆ ಬರೆದಿದ್ದಾರೆ. ಅಂಗಡಿಯಲ್ಲಿ ಕನಿಷ್ಠ ಎರಡು ಕೇಳಬೇಕು: ಕೆಳಪದರಕ್ಕೆ ಗಡುಸು ನೆಟ್, ಮೇಲುಪದರಕ್ಕೆ ಮೆತ್ತನೆಯ ನೆಟ್, ಟ್ಯೂಲ್ ಎನ್ನುವುದು ಇದನ್ನೇ. ಬರಿಯ ಮೆತ್ತನೆಯದು ಜೋತುಬೀಳುತ್ತದೆ, ಬರಿಯ ಗಡುಸಿನದು ತೊಡೆ ಕೆರೆಯುತ್ತದೆ. ಅದಕ್ಕೇ ಒಳಗೆ ಹತ್ತಿಯ ಲೈನಿಂಗ್ ಬೇಕು.

ಬರಹದಲ್ಲಿ ಅಳತೆ ಕೊಡುವುದಿದ್ದರೆ, ಸೊಂಟ 70 ಸೆಂ.ಮೀ. ಇರುವವರಿಗೆ ಹೀಗೆ: ನೆಟ್ಟಿನ ಅಗಲ ಒಂದೂವರೆ ಮೀಟರ್ ಎಂದುಕೊಳ್ಳಿ. ಒಂದು ಮೀಟರ್ ತೆಗೆದುಕೊಂಡು 50 ಸೆಂ.ಮೀ. ಎತ್ತರದ ಎರಡು ಪಟ್ಟಿ ಕತ್ತರಿಸಿ ಜೋಡಿಸಿದರೆ 3 ಮೀಟರ್ ಸುತ್ತಿನ ಒಂದು ಪದರ. ನಾಲ್ಕು ಪದರಕ್ಕೆ 4 ಮೀಟರ್. ವೇದಿಕೆಯ ತಟ್ಟೆ ಟುಟುವಿಗೆ ಹತ್ತು ಹನ್ನೆರಡು ಪದರ ಬೇಕಾಗಬಹುದು, ದಿನಬಳಕೆಗೆ ನಾಲ್ಕಕ್ಕಿಂತ ಹೆಚ್ಚಾದರೆ ಬಾಗಿಲಲ್ಲಿ ಸಿಕ್ಕಿಕೊಳ್ಳುವುದೇ ಆಯಿತು. 3 ಮೀಟರಿಗೂ ಒಂದೇ ದಾರ ಹಾಕಿ ಎಳೆದರೆ ಅರ್ಧದಲ್ಲಿ ತುಂಡಾಗುತ್ತದೆ. 75 ಸೆಂ.ಮೀ.ನ ನಾಲ್ಕು ಭಾಗ ಮಾಡಿ, ಉದ್ದ ಹೊಲಿಗೆಯ ಎರಡೆರಡು ಸಾಲು ಹಾಕಿ ಎಳೆಯಬೇಕು. ಮಶೀನಿನ ಕಾಲಿಗೆ ನೆಟ್ಟಿನ ಕಣ್ಣು ಸಿಕ್ಕಿಕೊಳ್ಳುತ್ತಿದ್ದರೆ ಅಡಿಗೂ ಮೇಲಕ್ಕೂ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯುವುದು. ನಾಲ್ಕೂ ಪದರವನ್ನು ಒಂದೇ ಗೆರೆಗೆ ಕೂರಿಸಿದರೆ ಸೊಂಟದಲ್ಲಿ ಹಗ್ಗ ಸುತ್ತಿದ ಹಾಗೆ ದಪ್ಪ. ಸೊಂಟಕ್ಕೆ ಹತ್ತು ಸೆಂ.ಮೀ. ಅಗಲದ ಪಟ್ಟಿ ಕೊಟ್ಟು, ಒಂದರ ಕೆಳಗೊಂದು ಎರಡೆರಡು ಸೆಂ.ಮೀ. ಬಿಟ್ಟು ಕೂರಿಸಿ, ಕೆಳಗಿನ ಪದರಗಳನ್ನು ಅಷ್ಟಷ್ಟು ಗಿಡ್ಡ ಮಾಡಿದರೆ ಸಮ ಬರುತ್ತದೆ. ನೆಟ್ ಎಳೆ ಬಿಡುವುದಿಲ್ಲ, ಅಂಚು ಮಡಿಸಿ ಹೊಲಿಯುವ ಕೆಲಸವಿಲ್ಲ.

ಮಲೆನಾಡಿನವರಿಗೆ ಮುಖ್ಯವಾಗಿ: ನೈಲಾನ್ ನೆಟ್ ಬೇಗ ಒಣಗುತ್ತದೆ, ಲೈನಿಂಗ್ ಮತ್ತು ಸೊಂಟದ ಪಟ್ಟಿ ಒಣಗುವುದಿಲ್ಲ, ಆಷಾಢದಲ್ಲಿ ಅಲ್ಲೇ ಬೂಷ್ಟು ಹಿಡಿಯುವುದು. ಹಿಂಡದೆ, ತಲೆಕೆಳಗಾಗಿ ಕ್ಲಿಪ್ ಹಾಕಿ ಗಾಳಿಗೆ ಬಿಡಬೇಕು. ಬಚ್ಚಲೊಲೆಯ ಮೇಲಿನ ಗಳಕ್ಕೆ ಮಾತ್ರ ಹಾಕಬಾರದು, ನೈಲಾನ್ ಕರಗಿ ಅಂಟಾಗುತ್ತದೆ. ಮೈಮೇಲಿದ್ದಾಗ ಒಲೆ, ದೀಪ ಇನ್ನೂ ದೂರ. 1862ರಲ್ಲಿ ಪ್ಯಾರಿಸ್ಸಿನಲ್ಲಿ ನರ್ತಕಿ ಎಮ್ಮಾ ಲಿವ್ರಿಯ ಲಂಗಕ್ಕೆ ರಂಗದ ಗ್ಯಾಸ್ ದೀಪ ತಾಗಿ ಹೊತ್ತಿಕೊಂಡಿತು, ಮರುವರ್ಷ ಆಕೆ ತೀರಿಕೊಂಡಳು. ತೋಟದ ದಾರಿಯಲ್ಲಿ ಉತ್ತರಾಣಿ ಕಾಳು ನೆಟ್ಟಿಗೆ ಅಂಟಿದರೆ ಎಳೆಯಬೇಡಿ, ಒಂದೊಂದೇ ಹಿಂದಕ್ಕೆ ತಳ್ಳಿ ಬಿಡಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ವಾಕ್ಯ ಹೀಗೆ ತಿದ್ದಿದೆ: “ಪದರ ಪದರದ ನೆಟ್ಟಿನ ಟುಟುವನ್ನು ಈಗ ಕೆಲವರು ಟೀ ಶರ್ಟಿನ ಜೊತೆ ದಿನವೂ ಉಡುತ್ತಾರೆ, ಅದು ಅವರ ಇಷ್ಟದ ಉಡುಗೆ.” ಬಚ್ಚಲೊಲೆಯ ಎಚ್ಚರಿಕೆಯನ್ನು ಪಕ್ಕದ ಚೌಕಕ್ಕೆ ಹಾಕುತ್ತೇನೆ.